ಬಂಡಿಬಯಲಿನ ಅಡ್ಡಗಲ್ಲು

ಒಂದು ಕಾಡಿನಲ್ಲಿ, ಸಂತೆಗೆ ಬಂದ ಪ್ರಾಣಿಗಳು ತಮ್ಮ ತಳ್ಳುಬಂಡಿಗಳನ್ನು ನಿಲ್ಲಿಸಲೆಂದೇ ಒಂದು ಬಯಲಿತ್ತು. ಬಂಡಿ ನಿಲ್ಲಿಸಿದವರು ಗಾಲಿಗೆ ಅಡ್ಡಗಲ್ಲು ಇಡಬೇಕು. ಹಿಂದಕ್ಕೆ ಸರಿಸುವವರು ಮೊದಲು ಕೂಗಿ ಎಚ್ಚರಿಸಬೇಕು. ಇದು ಅಲ್ಲಿನ ಕಟ್ಟಳೆ. ನಿಂತ ಬಂಡಿಗೆ ಗುದ್ದಿದವರ ಬಂಡಿ, ಗುದ್ದಿಸಿಕೊಂಡವರ ಪಾಲು. ಕೂಗದೆ ಸರಿಸಿ ಗುದ್ದಿದವರಿಗೂ ಅದೇ ದಂಡ.

ಒಂದು ದಿನ ಮೃದುಲೆಯೆಂಬ ಹೆಣ್ಣು ಮೊಲ ನವಣೆಯ ಮೂಟೆಯನ್ನು ತನ್ನ ಬಂಡಿಗೆ ಹೇರಿಕೊಂಡು ಬಂಡಿಸಾಲುಗಳ ನಡುದಾರಿಯಲ್ಲಿ ಬರುತ್ತಿದ್ದಳು. ಅವಳ ಮರಿಗಳ ಹೊಟ್ಟೆಗೆ ಆ ಬಂಡಿಯೊಂದೇ ಆಧಾರ. ಅಷ್ಟರಲ್ಲಿ ವಕ್ರಗತಿಯೆಂಬ ನರಿ, ಹಿಂದುಮುಂದು ನೋಡದೆ, ಕೂಗದೆ, ಸಾಲಿನಿಂದ ತನ್ನ ಬಂಡಿಯನ್ನು ಸರ್ರನೆ ಹಿಂದಕ್ಕೆಳೆದನು. ಢಬ್ಬೆಂದು ಸದ್ದಾಯಿತು. ಮೂಟೆ ಹರಿದು ನವಣೆ ನೆಲದ ತುಂಬ ಚೆಲ್ಲಿತು. ಉರುಳಿಬಿದ್ದ ಮೃದುಲೆಗೆ ಕಣ್ಣು ಕತ್ತಲೆಗಟ್ಟಿತು. ಅವಳು ಚೇತರಿಸಿಕೊಂಡು ಏಳುವಷ್ಟರಲ್ಲಿ ನರಿಯ ಬಂಡಿ ಮತ್ತೆ ಸಾಲಿನಲ್ಲಿತ್ತು. ಅದರ ಗಾಲಿಗೆ ಅಗಲವಾದ ಅಡ್ಡಗಲ್ಲೂ ಇತ್ತು!

"ಅಯ್ಯೋ, ನಿಂತ ಬಂಡಿಗೆ ಗುದ್ದಿದಳಲ್ಲಾ!" ಎಂದು ನರಿಯೇ ಮೊದಲು ಬೊಬ್ಬೆಯಿಟ್ಟನು.

ಬಯಲಿನ ನ್ಯಾಯಾಧಿಪತಿಯಾದ ಮುದಿ ಆನೆ ಬಂದನು. ಪ್ರಾಣಿಗಳು ನೆರೆದವು. ಆದರೆ ಗುದ್ದಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ.

"ಅಜ್ಜಾ, ಇವನೇ ಕೂಗದೆ ಹಿಂದಕ್ಕೆ ಬಂದ" ಎಂದಳು ಮೃದುಲೆ.

"ಎಲೆಲೆ! ಇಷ್ಟುದ್ದದ ಕಿವಿಯಿದ್ದವಳಿಗೆ ಕಣ್ಣೇ ಇಲ್ಲವೆ?" ಎಂದು ನರಿ ನಕ್ಕನು. "ಸ್ವಾಮಿ, ಅಡ್ಡಗಲ್ಲನ್ನು ನೋಡಿರಿ. ಕಲ್ಲಿಟ್ಟ ಬಂಡಿ ತಾನೇ ನಡೆದೀತೆ? ಅವಳ ಬಂಡಿಯನ್ನು ನನಗೆ ಕೊಡಿಸಿರಿ."

ಆನೆ ನಿಟ್ಟುಸಿರಿಟ್ಟನು. "ಕಲ್ಲು ಅವನ ಪರವಾಗಿದೆ, ಮಗಳೆ. ನಿನ್ನಲ್ಲಿ ಬಾಯಿಮಾತಲ್ಲದೆ ಬೇರೇನಿದೆ?"

ನರಿ ಆಗಲೇ ಮೃದುಲೆಯ ಬಂಡಿಯ ಹಿಡಿಗೆ ಕೈ ಹಾಕಿದ್ದನು. ಮರಿಗಳನ್ನು ನೆನೆದು ತಲೆ ತಗ್ಗಿಸಿದವಳ ಕಣ್ಣಿಗೆ ಇರುವೆಯೊಂದು ಬಿದ್ದಿತು. ಅದು ನವಣೆಯ ಕಾಳೊಂದನ್ನು ಎಳೆದು ತರುತ್ತಿತ್ತು, ಆ ಅಡ್ಡಗಲ್ಲಿನ ಅಡಿಯಿಂದ!

"ಅಜ್ಜಾ! ಆ ಕಲ್ಲನ್ನೊಮ್ಮೆ ಎತ್ತಿ ನೋಡು!"

ನರಿಯ ನಗೆ ನಿಂತಿತು. "ಬೇಡ ಸ್ವಾಮಿ, ಬಂಡಿ ಉರುಳೀತು!"

ಆನೆ ಬಂಡಿ ಉರುಳದಂತೆ ಕಾಲನ್ನು ಅಡ್ಡವಿಟ್ಟು, ಸೊಂಡಿಲಿನಿಂದ ಕಲ್ಲನ್ನೆತ್ತಿದನು. ಅಡಿಯಲ್ಲಿ ನವಣೆ ಹಾಸಿದಂತೆ ಬಿದ್ದಿತ್ತು.

"ಕಲ್ಲು ಮೊದಲೇ ಇದ್ದಿದ್ದರೆ, ಆಮೇಲೆ ಚೆಲ್ಲಿದ ನವಣೆ ಅದರ ಅಡಿಗೆ ಹೊಕ್ಕಿದ್ದು ಹೇಗೆ?" ಎಂದಳು ಮೃದುಲೆ.

ನರಿ ಅವಳ ಬಂಡಿಯ ಹಿಡಿಯಿಂದ ಕೈ ತೆಗೆದನು.

"ನೀನು ಕರೆದ ಸಾಕ್ಷಿಯೇ ನಿನ್ನನ್ನು ಹಿಡಿದುಕೊಟ್ಟಿತಲ್ಲಾ, ವಕ್ರಗತಿ!" ಎಂದು ಆನೆ ನರಿಯ ಬಂಡಿಯನ್ನು ಮೃದುಲೆಗೆ ಕೊಡಿಸಿದನು.

ಅವಳು ಉಳಿದ ನವಣೆಯನ್ನು ಅದರಲ್ಲಿ ತುಂಬಿದಳು. ಸಾಲಿನಿಂದ ಹಿಂದಕ್ಕೆ ಸರಿಸುವ ಮುನ್ನ ಗಟ್ಟಿಯಾಗಿ ಕೂಗಿದಳು: "ಬಂಡಿ ಬಂತು, ದಾರಿ ಬಿಡಿ!"

ನರಿಯೇ ಮೊದಲು ದಾರಿ ಬಿಟ್ಟನು.

ನೀತಿ: ತಪ್ಪನ್ನು ಮುಚ್ಚಲು ಇಟ್ಟ ಕಲ್ಲೇ ತಪ್ಪಿತಸ್ಥನನ್ನು ತೋರಿಸಿಕೊಡುತ್ತದೆ.