ಸೋಸುವ ಜಂಬಣ್ಣ

ಬಹಳ ಹಿಂದೆ, ಹೊಳೆಯ ನಡುವಿನ ಒಂದು ನಡುಗಡ್ಡೆ ಊರಲ್ಲಿ, ಜಂಬಣ್ಣ ಅನ್ನುವ ಅಂಬಿಗನಿದ್ದನಂತೆ. ಯಾವ ಕಾಲ ಅಂತ ಕೇಳಬೇಡಿ. ಟ್ರ್ಯಾಕ್ಟರ್ ಬಂದಿತ್ತು, ಸೇತುವೆ ಬಂದಿರಲಿಲ್ಲ, ಅಷ್ಟು ತಿಳಿದರೆ ಸಾಕು.

ಊರಿಗೆಲ್ಲ ಸೇರಿ ಇದ್ದದ್ದು ಒಂದೇ ಟ್ರ್ಯಾಕ್ಟರ್, ಅದೂ ಗಿಡ್ಡದು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮರಳಿನ ಮೇಲೆ ಎಳೆದು ತಂದದ್ದು. ಅದಕ್ಕೆ ಡೀಸೆಲ್ ಬರುತ್ತಿದ್ದದ್ದು ಜಂಬಣ್ಣನ ಹರಿಗೋಲಿನಲ್ಲಿ. ಹರಿಗೋಲು ಗೊತ್ತಲ್ಲ, ಗಿರಗಿರ ತಿರುಗುತ್ತಲೇ ಸಾಗುವ ಬುಟ್ಟಿ. ದಡ ಮುಟ್ಟುವಷ್ಟರಲ್ಲಿ ಡ್ರಮ್ಮಿನ ತಳದ ಕೊಳೆಯೆಲ್ಲ ಮೇಲೆದ್ದಿರುತ್ತಿತ್ತು, ಹೊಳೆಯ ನೀರೂ ಒಂದಿಷ್ಟು ಸೇರಿರುತ್ತಿತ್ತು. ಅದನ್ನು ಹಾಗೇ ಹಾಕಿದರೆ ಫಿಲ್ಟರ್ ಕಟ್ಟಿಕೊಂಡು, ಕೆಸರಲ್ಲಿ ಎಮ್ಮೆ ಕೂತಂತೆ ಟ್ರ್ಯಾಕ್ಟರ್ ಕೂತುಬಿಡುತ್ತಿತ್ತು. ತಂದವನೇ ನೋಡಿಕೊಳ್ಳಲಿ ಅಂತ ಊರವರು ಟ್ರ್ಯಾಕ್ಟರಿನ ಕೆಲಸವನ್ನೂ ಜಂಬಣ್ಣನ ಕೊರಳಿಗೇ ಕಟ್ಟಿದರು. ಅವನೂ ಬೇಡ ಅನ್ನಲಿಲ್ಲ.

ಆಚೆ ದಡದಲ್ಲಿ ಕೂತೇ ಟ್ರ್ಯಾಕ್ಟರಿನ ಸಪ್ಪಳ ಕೇಳಿ, ಇವತ್ತು ಇದಕ್ಕೆ ಉಸಿರು ಕಟ್ಟುತ್ತದೆ ಅನ್ನುತ್ತಿದ್ದನಂತೆ. ಸುಮ್ಮನೆ ನಿಂತಾಗ ಚೆನ್ನಾಗಿ ಗುಡುಗುವ ಎಂಜಿನ್ನು ನೇಗಿಲ ಭಾರ ಬಿದ್ದೊಡನೆ ದಮ್ಮು ಬಿಟ್ಟರೆ ಅದು ಫಿಲ್ಟರಿನ ರೋಗ ಅಂತ ಊರಿಗೆ ಕಲಿಸಿದವನೇ ಅವನು. ಹೊಸ ಫಿಲ್ಟರ್ ಕೂರಿಸಿ, ಗುಳ್ಳೆ ನಿಂತು ತಿಳಿ ಡೀಸೆಲ್ ಬರುವ ತನಕ ಕೈಪಂಪು ಒತ್ತುತ್ತಾ ಕೂರುತ್ತಿದ್ದ. ಡ್ರಮ್ಮಿಗೆ ಬೆರಳದ್ದಿದರೆ ಒಂದು ಹನಿ ನೀರಿದ್ದರೂ ಹೇಳುತ್ತಿದ್ದನಂತೆ. ಅವನು ಹತ್ತಿರ ಹೋದರೆ ಸಾಕು, ಟ್ರ್ಯಾಕ್ಟರ್ ತಾನೇ ಶುರುವಾಗುತ್ತಿತ್ತು ಅಂತಲೂ ಹೇಳುತ್ತಾರೆ. ಹೇಳುವವರ ಬಾಯಿಗೆ ಬೀಗವಿಲ್ಲ, ಕೇಳುವವರಿಗಾದರೂ ಬುದ್ಧಿ ಬೇಡವೇ!

ಆದರೆ ಒಂದು ಮಾತು ನಿಜ. ಡ್ರಮ್ಮನ್ನು ಒಂದು ರಾತ್ರಿ ಅಲುಗಾಡದಂತೆ ಇಟ್ಟು, ಬಿಳಿ ಧೋತರ ಮಡಿಸಿ ಅದರಲ್ಲಿ ಸೋಸದ ಹೊರತು ಒಂದು ಲೋಟ ಡೀಸೆಲನ್ನೂ ಹಾಕಲು ಅವನು ಬಿಡುತ್ತಿರಲಿಲ್ಲ. ಒಮ್ಮೆ ಮದುಮಗ ಬಾಸಿಂಗ ಕಟ್ಟಿಕೊಂಡು ಟ್ರೇಲರಿನಲ್ಲಿ ಕೂತಿದ್ದ. ಮುಹೂರ್ತ ಮೀರುತ್ತದೆ ಅಂತ ಬೀಗರು ಬಾಯಿ ಬಡಿದುಕೊಂಡರು. ಜಂಬಣ್ಣ ಸೋಸುತ್ತಲೇ ಇದ್ದನಂತೆ. ತಾಳಿದವನು ಬಾಳಿಯಾನು ಅಂದನಂತೆ.

ಈ ಜಂಬಣ್ಣನಿಗೆ ಒಬ್ಬಳೇ ತಂಗಿ, ನಾಗಮ್ಮ. ಗಂಡ ತೀರಿದ ಮೇಲೂ ನಡುಗಡ್ಡೆಯ ಬಾಲದ ತುದಿಯಲ್ಲೇ ಎಮ್ಮೆ ಕಟ್ಟಿಕೊಂಡಿದ್ದಳು. ಊರೊಳಗೆ ಬಾ ಅಂದರೆ, ಹುಲ್ಲು ಇಲ್ಲಿದೆ ಅನ್ನುತ್ತಿದ್ದಳು. ಪ್ರತಿ ನಾಗರ ಪಂಚಮಿಗೆ ಅಣ್ಣ ಟ್ರ್ಯಾಕ್ಟರ್ ಮೇಲೆ ಹೋಗಿ ಅವಳನ್ನು ಹಬ್ಬಕ್ಕೆ ಕರೆತರುತ್ತಿದ್ದ. ದೂರದಿಂದ ಅದರ ಸಪ್ಪಳ ಕೇಳಿದರೆ ಸಾಕು, ಸೀರೆ ಬದಲಿಸಿ ಮನೆ ಮುಂದಿನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳಂತೆ.

ಒಂದು ವರ್ಷ, ಇನ್ನೇನು ಪಂಚಮಿ ಅನ್ನುವಾಗ, ಮೇಲೆಲ್ಲೋ ಸುರಿದ ಮಳೆಗೆ ಹೊಳೆ ಕೆಂಪಾಗಿ ಏರಿತು. ಬಾಲದ ತುದಿ ತಗ್ಗು. ಅಲ್ಲಿದ್ದವರನ್ನು ತರಲೇಬೇಕು. ಟ್ಯಾಂಕು ನೋಡಿದರೆ ಖಾಲಿ, ಡ್ರಮ್ಮು ಆಗಷ್ಟೇ ಹರಿಗೋಲಿನಿಂದ ಇಳಿದದ್ದು. ಪಕ್ಕದ ಮನೆಯ ಮಾರೆಪ್ಪ, ಜಂಬಣ್ಣನೇ ಕಲಿಸಿದ ಹಾಗೆ, ಧೋತರ ಮಡಿಸಿ ಹಿಡಿದ.

"ತಡಿ ಮಾಮಾ, ಸೋಸೂಣು."

"ನನ್ನ ತಂಗಿ ಅದಾಳಲೇ ಅಲ್ಲಿ! ಲಗೂ ಹಾಕು, ಲಗೂ!" ಅಂದ ಜಂಬಣ್ಣ. ಧೋತರ ಕಿತ್ತು ಪಕ್ಕಕ್ಕೆಸೆದ. ಊರಿಗೆಲ್ಲ ತಾಳ್ಮೆ ಹೇಳಿದವನು, ಆ ಒಂದು ದಿನ ತಾಳಲಿಲ್ಲ.

ಟ್ರ್ಯಾಕ್ಟರ್ ಓಡಿತು. ಅರ್ಧ ದಾರಿ ಗುಡುಗುತ್ತಾ ಓಡಿತು, ಆಮೇಲೆ ಕೆಮ್ಮಿತು, ನಿಂತಿತು. ಬಿಚ್ಚಿ ನೋಡಿದರೆ ಫಿಲ್ಟರ್ ತುಂಬ ಕರೀ ಲೋಳೆ. ಜೊತೆಗಿದ್ದ ಹೊಸ ಫಿಲ್ಟರ್ ಹಾಕಿದ, ಗಾಳಿ ತೆಗೆದ, ಮತ್ತೆ ಓಡಿಸಿದ. ಟ್ಯಾಂಕೇ ಕೊಳೆಯಾಗಿರುವಾಗ ಹೊಸದಾದರೂ ಏನು ಮಾಡೀತು? ಮತ್ತೆ ನಿಂತಿತು. ಕೊನೆಗೆ ಟ್ಯಾಂಕು ಬರಿದು ಮಾಡಿ, ಉಟ್ಟ ಧೋತರವನ್ನೇ ಬಿಚ್ಚಿ, ಮನೆಯಲ್ಲಿ ಮಾಡದ ಕೆಲಸವನ್ನು ದಾರಿಯಲ್ಲಿ ಕೂತು ಮಾಡಿದ. ಕಣ್ಣೀರು ಡೀಸೆಲಿಗೆ ಬೀಳಬಾರದು ಅಂತ ಮುಖ ಆಚೆ ತಿರುಗಿಸಿಕೊಂಡು ಸೋಸಿದನಂತೆ.

ಅತ್ತ ಬಾಲದ ತುದಿಯಲ್ಲಿದ್ದ ಕುರುಬರು ಮೊಣಕಾಲುದ್ದದ ನೀರಲ್ಲಿ ನಡೆದು ಹೊರಟಿದ್ದರು. ಬಾರವ್ವ ಅಂತ ನಾಗಮ್ಮನನ್ನೂ ಕರೆದರು. ಅವಳು ನಗುತ್ತಾ, "ನೀವು ನಡೀರಿ. ಟ್ರ್ಯಾಕ್ಟರ್ ಸಪ್ಪಳ ಕೇಳಾಕತ್ತೈತಿ, ನಮ್ಮಣ್ಣ ಕರಿಯಾಕ ಬರಾಕತ್ಯಾನ" ಅಂದಳಂತೆ. ಎಮ್ಮೆಗಳ ಹಗ್ಗ ಬಿಚ್ಚಿ, ಸೀರೆ ಬದಲಿಸಿ, ಕಟ್ಟೆಯ ಮೇಲೆ ಕೂತಳಂತೆ.

ಜಂಬಣ್ಣ ಮುಟ್ಟಿದಾಗ ಕಟ್ಟೆಯೂ ಇರಲಿಲ್ಲ. ಎಮ್ಮೆಗಳು ಈಜಿ ದಡ ಸೇರಿದ್ದವು. ಹಗ್ಗ ಬಿಚ್ಚಿದವಳು ಸೇರಲಿಲ್ಲ.

ವಿಧಿ ಕಣೋ, ಯಾರೇನು ಮಾಡೋದು ಅಂತ ಜನ ಸಮಾಧಾನ ಹೇಳಿದರು. ಅವನು ಅಲ್ಲ ಅಂತ ತಲೆಯಾಡಿಸುತ್ತಿದ್ದ. ಸೋಸುತ್ತಾ ಕೂತಿದ್ದರೆ ಸಪ್ಪಳ ಅವಳಿಗೆ ಕೇಳುತ್ತಿರಲಿಲ್ಲ, ಕೇಳದಿದ್ದರೆ ಕುರುಬರ ಜೊತೆ ನಡೆದು ಬರುತ್ತಿದ್ದಳು, ನನ್ನ ಅವಸರವೇ ಅವಳನ್ನು ಕೂರಿಸಿತು ಅನ್ನುತ್ತಿದ್ದನಂತೆ. ಸಾಯುವ ತನಕ ಅಷ್ಟನ್ನೇ ಹೇಳಿದ.

ಈಗ ಸೇತುವೆ ಬಂದಿದೆ, ಮನೆಗೊಂದು ಟ್ರ್ಯಾಕ್ಟರ್ ಇದೆ. ಆದರೂ ಆ ಊರಲ್ಲಿ ಬಿಳಿ ಬಟ್ಟೆಯಲ್ಲಿ ಸೋಸಿಯೇ ಡೀಸೆಲ್ ಹಾಕುತ್ತಾರೆ. ಡ್ರಮ್ಮಿನ ತಳದ ಕೊನೆಯ ಬಟ್ಟಲನ್ನು ಯಾರೂ ಮುಟ್ಟುವುದಿಲ್ಲ, ಅದು ನಾಗಮ್ಮನ ಪಾಲು. ಸೋಸುವವನಿಗೆ ಲಗೂ ಅಂತ ಯಾರೂ ಅನ್ನುವುದಿಲ್ಲ. ಪಂಚಮಿಗೆ ತಂಗಿಯನ್ನು ಕರೆಯಲು ಹೊರಟ ಅಣ್ಣ, ಮನೆ ಮುಂದೆ ಟ್ರ್ಯಾಕ್ಟರ್ ನಿಂತಿದ್ದರೂ, ಸಪ್ಪಳವಿಲ್ಲದೆ ನಡೆದೇ ಹೋಗುತ್ತಾನೆ.