ಕಂಬಳಿಯ ಗಂಟು

ಗದ್ದಲ ಸಾಕು, ಹತ್ತಿರ ಬಂದು ಕೂತುಕೊಳ್ಳಿ. ಏಳು ಸೀಮೆಯ ಒಂದು ರಾಜ್ಯ ಇತ್ತು. ಒಬ್ಬನ ಬುದ್ಧಿಗೆ ರಾಜ್ಯ ಬಿಡಬಾರದು ಅಂತ ಅಲ್ಲಿನ ರಾಜನ ಮುತ್ತಜ್ಜ ಒಂದು ಸಭೆ ಮಾಡಿಟ್ಟಿದ್ದ. ಸೀಮೆಗೊಬ್ಬ ಸಭಿಕ. ಆರಿಸುವವರು ಜನ. ಆರಿಸಿದ ಮೇಲೆ ಮನೆಗೊಂದು ಎಳೆಯಂತೆ ಉಣ್ಣೆ ನೂಲು ಕೊಟ್ಟು ಅವನಿಗೊಂದು ಕಂಬಳಿ ನೇಯಿಸುತ್ತಿದ್ದರು. ಸಭೆಯಲ್ಲಿ ಅದರ ಮೇಲೆ ಕೂತೇ ಅವನು ಮಾತಾಡಬೇಕು. ತಪ್ಪಿ ನಡೆದರೆ ಯಾವ ಮನೆಯವರಾದರೂ ಬಂದು ತಮ್ಮ ಎಳೆ ಕಿತ್ತುಕೊಂಡು ಹೋಗಬಹುದು.

ಬಡಗಣ ಸೀಮೆ ಕುರಿ ಸಾಕುವವರ ಸೀಮೆ. ಅದರ ಸಭಿಕ ಗಾದ್ರಪ್ಪ. ನಲವತ್ತು ವರ್ಷದಿಂದ ಅವನೇ. ಕೆರೆ ಏರಿ ಒಡೆದಾಗ ಮಾತಾಡಿದ್ದ. ಉಪ್ಪಿಗೆ ಸುಂಕ ಹಾಕಿದಾಗ ಮಾತಾಡಿದ್ದ. ಜನರನ್ನು ಬಿಟ್ಟಿ ದುಡಿಸಿಕೊಂಡಾಗ ಮಾತಾಡಿದ್ದ. ಅವನ ಕಂಬಳಿಯಿಂದ ಯಾರೂ ಒಂದು ಎಳೆಯನ್ನೂ ಕಿತ್ತಿರಲಿಲ್ಲ. ಅದು ಅವನಿಗೆ ಒಳಗೊಳಗೇ ಹೆಮ್ಮೆ. ಹೆಮ್ಮೆ ಹೆಚ್ಚಿದ ಕಡೆ ಎಚ್ಚರ ಸ್ವಲ್ಪ ಕಮ್ಮಿ, ಏನು ಮಾಡೋಣ!

ರಾಜನ ದಿವಾನ ಚಿಕ್ಕರಸನಿಗೆ ಬಡಗಣ ಸೀಮೆಯ ಹುಲ್ಲುಗಾವಲಿನ ಮೇಲೆ ಕಣ್ಣು ಬಿತ್ತು. ಅದನ್ನು ತನ್ನ ಬೇಟೆಯ ಬಯಲು ಮಾಡಿಕೊಳ್ಳಬೇಕು ಅಂತ ಅವನ ಆಸೆ. ಆದರೆ ಹೊಸ ಕಟ್ಟಳೆಯನ್ನು ಸಭೆಯಲ್ಲಿ ಮೂರು ದಿನ ಓದಬೇಕು, ಮೂರನೇ ದಿನ ಸಭಿಕರು ಹೂಂ ಅನ್ನಬೇಕು. ಗಾದ್ರಪ್ಪ ಬಾಯಿ ತೆಗೆದರೆ ಮಿಕ್ಕ ಆರು ಜನರೂ ಅವನ ಕಡೆ ವಾಲುತ್ತಿದ್ದರು. ದಿವಾನ ಯೋಚನೆ ಮಾಡಿದ. ಏಳು ರೇಷ್ಮೆ ಮೆತ್ತೆ ಹೊಲಿಸಿದ.

"ಕಂಬಳಿ ಚುಚ್ಚುತ್ತೆ, ಗಾದ್ರಪ್ಪನವರೇ. ವಯಸ್ಸಾಯ್ತು, ಮಂಡಿ ನೋವು ಬೇರೆ. ಇದರ ಮೇಲೆ ಕೂತ್ಕೊಳ್ಳಿ" ಅಂದ.

ಆರು ಜನ ಆಗಲೇ ಕೂತಿದ್ದರು. ಗಾದ್ರಪ್ಪನ ಮಂಡಿ ನಿಜಕ್ಕೂ ನೋಯುತ್ತಿತ್ತು. ಇವತ್ತೊಂದು ದಿನ ಅಂದುಕೊಂಡು ಅವನೂ ಕೂತ.

ಮೊದಲನೇ ದಿನ ಕಟ್ಟಳೆ ಓದಿದರು. ಮೆತ್ತೆ ಬೆಚ್ಚಗಿತ್ತು. ಗಾದ್ರಪ್ಪನಿಗೆ ಜೊಂಪು ಹತ್ತಿತು. ಓದಿದ್ದು ಅವನ ಕಿವಿಗೇ ಬೀಳಲಿಲ್ಲ.

ಎರಡನೇ ದಿನ ಕಂಬಳಿಯನ್ನು ಬಿಡಾರದಲ್ಲೇ ಬಿಟ್ಟು ಬಂದ. ಇವತ್ತೊಂದು ದಿನ ಅನ್ನುವುದು ಯಾವತ್ತು ಒಂದೇ ದಿನಕ್ಕೆ ನಿಂತಿದೆ? ಓದುವಾಗ 'ಬಡಗಣ ಹುಲ್ಲುಗಾವಲು' ಅನ್ನುವುದು ಕೇಳಿಸಿ ನೆಟ್ಟಗೆ ಕೂತ.

"ಬೇಡ! ಇದು ಆಗಬಾರದು!" ಅಂತ ಕೂಗಿದ.

ದಿವಾನ ನಕ್ಕ. "ಕಂಬಳಿ ಮೇಲೆ ಕೂರದವರ ಮಾತು ಮಾತೇ ಅಲ್ಲ. ಕರಣಿಕರೇ, ಇದನ್ನ ಬರ್ಕೊಳ್ಳಿ." ಕರಣಿಕ ಬರೆದುಕೊಂಡ.

ಗಾದ್ರಪ್ಪ ಕಂಬಳಿ ತರಲು ಬಿಡಾರಕ್ಕೆ ಓಡಿದ. ಅಲ್ಲಿ ಅವನ ಊರಿನ ಕುರಿಗಾಹಿ ಮುದುಕಿ ಈರಕ್ಕ ಕೂತಿದ್ದಳು. ಡಂಗುರದವನ ಬಾಯಲ್ಲಿ ಕಟ್ಟಳೆಯ ಸುದ್ದಿ, ಗಾದ್ರಪ್ಪ ತುಟಿ ಬಿಚ್ಚದ ಸುದ್ದಿ ಎರಡನ್ನೂ ಕೇಳಿ ಮೂರು ಹರದಾರಿ ನಡೆದು ಬಂದಿದ್ದಳು. ಕಂಬಳಿ ತೊಡೆಯ ಮೇಲಿತ್ತು. ತನ್ನ ಎಳೆ ಹುಡುಕಿ ಕೀಳುತ್ತಿದ್ದಳು.

"ಈರಕ್ಕ, ನನ್ನ ಮಾತು ಸ್ವಲ್ಪ ಕೇಳು."

"ನಲ್ವತ್ತು ವರ್ಷ ಕೇಳಿದೀನಿ ಗಾದ್ರಣ್ಣ. ಆಡ್ಬೇಕಾದಾಗ ನೀನು ಆಡ್ಲಿಲ್ಲ. ಹುಲ್ಲು ಹೋದ್ರೆ ಕುರಿ ಹೋಯ್ತು. ಕುರಿ ಹೋದ್ರೆ ಉಣ್ಣೆ ಹೋಯ್ತು. ಆಮೇಲೆ ನಿನ್ನ ಕಂಬಳಿಗೆ ಎಳೆ ಕೊಡೋರು ಯಾರು?"

ಅಷ್ಟು ಹೇಳಿ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಹೊರಟೇಹೋದಳು. ಗಾದ್ರಪ್ಪ ಕೂತು ಅತ್ತ. ಕಂಬಳಿಯಲ್ಲಿ ಬೆಳಕು ಕಾಣುವ ಒಂದು ಸೀಳು ಉಳಿದಿತ್ತು.

ಮೂರನೇ ದಿನ ಅವನು ಮೆತ್ತೆಯನ್ನು ಆಚೆ ಸರಿಸಿ, ಸೀಳುಬಿಟ್ಟ ಕಂಬಳಿ ಹಾಸಿ ಕೂತ. ಕಟ್ಟಳೆ ಓದಿದ್ದಾಯಿತು. ಆರು ಜನ ಒಟ್ಟಿಗೆ "ಹೂಂ" ಅಂದರು. ದಿವಾನ ಮೀಸೆ ತಿರುವಿದ.

ಗಾದ್ರಪ್ಪ ಸಿಂಹಾಸನದ ಮೇಲಿದ್ದ ರಾಜನಿಗೆ ಕೈ ಮುಗಿದ. "ಮಹಾಪ್ರಭು, ಕರಣಿಕರು ನಿನ್ನೆ ಬರ್ಕೊಂಡಿದ್ದನ್ನ ಒಂದ್ಸಲ ಓದ್ಲಿ."

ಕರಣಿಕ ಓದಿದ. "ಕಂಬಳಿ ಮೇಲೆ ಕೂರದವರ ಮಾತು ಮಾತೇ ಅಲ್ಲ. ದಿವಾನರ ಅಪ್ಪಣೆ."

"ಹಂಗಾದ್ರೆ ಈ ಆರು ಹೂಂ ಯಾವುದರ ಮೇಲೆ ಕೂತು ಬಂದ್ವು, ಬುದ್ಧಿ?"

ಆರು ಜನ ತಡಬಡಿಸಿ ಎದ್ದರು. ಕಂಬಳಿ ಎಲ್ಲಿ? ಒಬ್ಬನದು ಕುದುರೆಯ ಬೆನ್ನ ಮೇಲೆ, ಒಬ್ಬನದು ನಾಯಿಯ ಕೆಳಗೆ, ಒಬ್ಬನದು ಅಟ್ಟದ ಮೇಲೆ. ಉಳಿದವರಿಗೆ ನೆನಪೇ ಇರಲಿಲ್ಲ. ದಿವಾನ ಪರರಿಗೆ ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ.

"ಇವತ್ತು ಈ ಸಭೆಯಲ್ಲಿ ಇರೋದು ಒಂದೇ ಬಾಯಿ" ಅಂದ ರಾಜ. "ಏನಂತೀಯಪ್ಪ?"

"ಬೇಡ."

ಕಟ್ಟಳೆ ಬಿದ್ದುಹೋಯಿತು. ದಿವಾನನ ಮುದ್ರೆಯುಂಗುರ ಕಳಚಿಸಿ ರಾಜ ಅವನನ್ನು ಮನೆಗೆ ಕಳಿಸಿದ. ಮೆತ್ತೆಗಳನ್ನು ಊರ ಬಾಣಂತಿಯರಿಗೆ ಹಂಚಿದರು.

ಗಾದ್ರಪ್ಪ ಊರಿಗೆ ಬಂದು ಚಾವಡಿಯಲ್ಲಿ ಕಂಬಳಿ ಹರವಿದ. "ಹುಲ್ಲು ಉಳೀತು. ಆದ್ರೆ ಎರಡು ದಿನ ನಾನು ರೇಷ್ಮೆ ಮೇಲೆ ಕೂತಿದ್ದೆ. ಎಳೆ ಕೀಳೋರು ಕಿತ್ಕೊಳ್ರಪ್ಪ" ಅಂದು ತಲೆ ತಗ್ಗಿಸಿದ.

ಯಾರೂ ಅಲುಗಲಿಲ್ಲ. ಈರಕ್ಕ ಮಾತ್ರ ಎದ್ದು ಬಂದಳು. ಬೆರಳಿಗೆ ಸುತ್ತಿದ್ದ ಎಳೆ ಬಿಚ್ಚಿ ಅದೇ ಸೀಳಿಗೆ ಪೋಣಿಸಿ, ನಟ್ಟನಡುವೆ ಒಂದು ದಪ್ಪ ಗಂಟು ಹಾಕಿದಳು.

"ಅಕ್ಕ, ಈ ಗಂಟು ಚುಚ್ಚುತ್ತಲ್ಲ?"

"ಚುಚ್ಚಲಿ ಬಿಡಪ್ಪ. ಗಂಟಿಲ್ದಂಗೆ ನೇಯೋಕೆ ನನಗೂ ಬರುತ್ತೆ."

ಸಾಯುವ ತನಕ ಗಾದ್ರಪ್ಪ ಆ ಗಂಟಿನ ಮೇಲೆ ಕೂತೇ ಮಾತಾಡಿದ. ಮತ್ತೆ ಒಂದು ದಿನವೂ ಅವನಿಗೆ ಸಭೆಯಲ್ಲಿ ಜೊಂಪು ಹತ್ತಲಿಲ್ಲ.

ಇದರ ನೀತಿ ಇಷ್ಟೇ ಮಕ್ಕಳೇ: ಕೂತ ಜಾಗ ಮೆತ್ತಗಾದರೆ ಆಡುವ ಮಾತೂ ಮೆತ್ತಗಾಗುತ್ತದೆ. ಜನ ಕೊಟ್ಟ ಪೀಠ ಕೂತವನಿಗೆ ಸ್ವಲ್ಪ ಚುಚ್ಚುತ್ತಲೇ ಇರಬೇಕು.