ನಿಂಗಿ ಒಪ್ಪಿಸಿದ ಪಾಠ

ಹೊಳೆಯ ಆಚೆ ದಡದಲ್ಲಿ ಒಂದು ಹುಲ್ಲಿನ ಗುಡಿಸಲು. ಅದರಲ್ಲಿ ಒಬ್ಬ ಗುರು. ಹೆತ್ತವರು ಇಟ್ಟ ಹೆಸರು ಏನಿತ್ತೋ, ಊರಿನವರ ಬಾಯಲ್ಲಿ ಹೊಳೆಯಯ್ಯ.

ದಿನಾ ಬೆಳಿಗ್ಗೆ ಹೊಳೆಯಯ್ಯ ತಾವೇ ತೆಪ್ಪ ಹಾಕಿಕೊಂಡು ಈಚೆ ದಡಕ್ಕೆ ಬರುವರು. ತೆಪ್ಪ ಅಂದರೆ ಬಿದಿರು ಹೆಣೆದ ದುಂಡು ಬುಟ್ಟಿಯಂಥದ್ದು. ಊರಿನ ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಆಚೆಗೆ ಹೋಗುವರು. ಮರಳಿನ ಮೇಲೆ ಬೆರಳಾಡಿಸಿ ಓದು ಬರಹ ಕಲಿಸುವರು.

ಸಂಜೆ ಈಚೆ ದಡದಲ್ಲೇ ದೊಡ್ಡವರ ಸರದಿ. ಬರುವವರಲ್ಲಿ ದೇವೀರಮ್ಮನೂ ಒಬ್ಬಳು. ಅವಳಿಗೆ ಅಕ್ಷರ ಬಾರದು. ಆದರೆ ಗುರುಗಳ ಒಂದು ಮಾತನ್ನೂ ನೆಲಕ್ಕೆ ಬೀಳಲು ಬಿಡುವವಳಲ್ಲ.

ಒಂದು ಸಂಜೆ ಎಲ್ಲರೂ ಎದ್ದು ಹೋದರೂ ಅವಳು ಕೂತೇ ಇದ್ದಳು.

"ಏನು ತಾಯಿ?" ಅಂದರು ಗುರುಗಳು.

"ಬುದ್ಧಿ, ನನಗೊಂದು ಮಂತ್ರ ಕೊಡಿ."

"ಯಾತಕ್ಕೆ? ಮೋಕ್ಷಕ್ಕಾ?"

"ಮೋಕ್ಷ ಆಮೇಲೆ ನೋಡೋಣ. ಮೊದಲು ಬೆಳಗಾಗೋದಕ್ಕೆ ಕೊಡಿ."

ಗುರುಗಳು ನಕ್ಕರು. "ಬೆಳಗು ತಾನಾಗೇ ಆಗುತ್ತಲ್ಲ."

"ನಿಮಗೆ ಆಗುತ್ತೆ. ನಮ್ಮನೇಲಿ ಯುದ್ಧ ಆಗುತ್ತೆ. ಗಂಡ ಕೋಳಿ ಕೂಗೋ ಮೊದಲೇ ಹೊಲಕ್ಕೆ ಹೋಗಿರ್ತಾನೆ. ಒಲೆ ಮುಂದೆ ನಾನೇ, ಕೊಟ್ಟಿಗೇಲಿ ನಾನೇ. ಈ ನನ್ನ ಮಗಳು ನಿಂಗಿ ಏಳೋಲ್ಲ. ಎದ್ದರೆ ಮೊಕ ತೊಳೆಯೋಲ್ಲ. ತೊಳೆದರೆ ತುತ್ತು ನುಂಗೋಲ್ಲ. ಜಡೆ ಹಾಕೋಕೆ ಕೂರಿಸಿದರೆ ಇರುವೆ ಸಾಲು ನೋಡ್ತಾ ಕೂರ್ತಾಳೆ. ಅವಳನ್ನ ಹೊಳೆ ಹತ್ತಿರ ತಂದು ಬಿಡೋ ಹೊತ್ತಿಗೆ ನನ್ನ ಗಂಟಲು ಹರಿದಿರುತ್ತೆ."

"ಅಷ್ಟು ಅವಸರ ಯಾಕೆ?"

"ಯಾಕೆ ಅಂದರೆ? ನಾನು ಹೆಬ್ಬೆಟ್ಟು. ಅವಳಾದರೂ ನಾಲ್ಕಕ್ಷರ ಕಲೀಲಿ ಅಂತ. ಇರೋದು ಒಂದೇ ಮಗಳು ಬುದ್ಧಿ. ಅವಳ ಮೇಲೆ ಜೀವಾನೇ ಇಟ್ಟುಕೊಂಡಿದ್ದೀನಿ."

ಗುರುಗಳು ಹೊಳೆಯ ಕಡೆ ಕೈ ತೋರಿದರು.

"ನಾಳೆ ಮಗಳ ಜೊತೆ ನೀನೂ ತೆಪ್ಪ ಹತ್ತು."

ಮರುದಿನ ದೇವೀರಮ್ಮ ಮಕ್ಕಳ ಹಿಂದೆ ನಿಂತಳು. ಗುರುಗಳು ದಿನಾ ಹೇಳುವ ಮಾತನ್ನೇ ಹೇಳಿದರು: "ನಡುವೆ ಕಾಲಿಡಿ. ಅಂಚು ತುಳಿದರೆ ತೆಪ್ಪ ವಾಲುತ್ತೆ."

ಮಕ್ಕಳು ಒಬ್ಬೊಬ್ಬರಾಗಿ ನಡುವೆ ಕಾಲಿಟ್ಟು ಹತ್ತಿದರು. ನಿಂಗಿಯೂ ಹಾಗೇ ಹತ್ತಿದಳು. ದೇವೀರಮ್ಮನಿಗೆ ಮಾತ್ರ ಇಬ್ಬರು ಮಕ್ಕಳು ಕೈ ಹಿಡಿಯಬೇಕಾಯಿತು.

ಆಚೆ ದಡದಲ್ಲಿ ಎಲ್ಲರೂ ಮರಳಿನ ಮೇಲೆ ಕೂತರು.

"ನಿಂಗಿ, ನಿನ್ನೆಯ ಪಾಠ ಒಪ್ಪಿಸು."

ನಿಂಗಿ ಎದ್ದು ನಿಂತಳು. ಎರಡು ಮಾತು ಹೇಳಿದಳು, ಮೂರನೆಯದು ಬರಲಿಲ್ಲ. ಕಾಲ ಬೆರಳಿನಿಂದ ಮರಳು ಕೆದಕಿದಳು.

"ಹೇಳೇ," ಅಂತ ಹಿಂದಿನಿಂದ ಅವ್ವ ಹಲ್ಲು ಕಚ್ಚಿದಳು.

ಗುರುಗಳು ಕೈ ಎತ್ತಿ ಅವಳನ್ನು ತಡೆದರು.

"ಹೋಗಲಿ ಬಿಡು ಮಗಾ. ನಿನಗೆ ಪೂರ್ತಿ ಬರೋ ಪಾಠ ಯಾವುದಾದರೂ ಇದೆಯಾ?"

"ಇದೆ ಅಯ್ಯಾ."

"ಯಾರು ಕಲಿಸಿದ್ದು?"

"ಅವ್ವ."

ದೇವೀರಮ್ಮನ ಮುಖ ಅರಳಿತು. ಬೀಸುವಾಗ ಹೇಳುವ ಪದವೋ, ಶಿವನ ಹಾಡೋ, ಯಾವುದೋ ಒಂದು ಕಲಿತುಕೊಂಡಿದೆ ಕೂಸು ಅಂದುಕೊಂಡಳು. ಸೆರಗು ಸರಿಮಾಡಿಕೊಂಡು ಪಕ್ಕದ ಮಕ್ಕಳ ಕಡೆ ನೋಡಿದಳು.

"ಹಾಗಾದರೆ ಅದನ್ನೇ ಒಪ್ಪಿಸು," ಅಂದರು ಗುರುಗಳು.

ನಿಂಗಿ ಕೈಕಟ್ಟಿ ಕಣ್ಣು ಮುಚ್ಚಿದಳು. ಮಗ್ಗಿ ಹೇಳುವ ರಾಗದಲ್ಲಿ ಶುರುಮಾಡಿದಳು.

"ಏಳೇ ದರಿದ್ರದೋಳೇ, ಹೊತ್ತು ನೆತ್ತಿಗೆ ಬಂತು. ಎಮ್ಮೆ ಎದ್ದು ಮೇವು ತಿಂದಾಯ್ತು, ನೀನಿನ್ನೂ ಎದ್ದಿಲ್ಲ. ಮೊಕ ತೊಳಿ. ತೊಳೆದೆಯಾ ಇಲ್ಲವಾ? ನುಂಗೇ, ಅಗೀತಾ ಕೂತ್ಕೋಬೇಡ, ನುಂಗು ನುಂಗು. ತಲೆ ಅಲುಗಿಸಬೇಡ. ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ. ಅಗೋ ತೆಪ್ಪ ಹೊರಟಿತು. ಅಯ್ಯನೋರು ನಿನ್ನ ಬಿಟ್ಟು ಹೋದರು. ಓಡೇ, ಓಡು, ಓಡು."

ಎಲ್ಲೂ ತಡವರಿಸಲಿಲ್ಲ. ದನಿ ಏರಬೇಕಾದ ಕಡೆ ಏರಿತು. ಹೆತ್ತ ಹೊಟ್ಟೆ ಅನ್ನುವಾಗ ತನ್ನ ಪುಟ್ಟ ಹೊಟ್ಟೆಗೇ ಎರಡು ಏಟು ಹೊಡೆದುಕೊಂಡಳು, ಥೇಟು ಅವ್ವನ ಹಾಗೇ.

ಮಕ್ಕಳು ಮೊದಮೊದಲು ಕಿಸಿಕಿಸಿ ನಕ್ಕರು. ಆಮೇಲೆ ನಗು ತಾನಾಗೇ ನಿಂತಿತು. ಒಂದಿಬ್ಬರು ತಲೆ ತಗ್ಗಿಸಿದರು. ಆ ಪಾಠ ಅವರ ಮನೆಯಲ್ಲೂ ನಡೆಯುತ್ತಿತ್ತು.

ದೇವೀರಮ್ಮನ ಕೈ ಸೆರಗಿನ ಮೇಲೇ ಉಳಿಯಿತು.

ನಿಂಗಿ ಕಣ್ಣು ಬಿಟ್ಟಳು. "ಸರಿಯಾಗಿತ್ತಾ ಅಯ್ಯಾ?"

"ಒಂದಕ್ಷರ ತಪ್ಪಿಲ್ಲ ಮಗಾ. ಕೂತ್ಕೋ."

ಆಮೇಲೆ ಗುರುಗಳು ಹಿಂದಕ್ಕೆ ತಿರುಗಿ ಮೆಲ್ಲಗೆ ಕೇಳಿದರು. "ದೇವೀರಮ್ಮ, ನಾನು ಯಾವತ್ತಾದರೂ ಇವಳನ್ನು ಬಿಟ್ಟು ಹೋಗಿದ್ದೀನಾ?"

"ಇಲ್ಲ ಬುದ್ಧಿ. ಹಾಗಂದರೆ ಓಡ್ತಾಳೆ ಅಂತ ಅಂದೆ."

"ಓಡ್ತಾಳೆ," ಅಂದರು ಗುರುಗಳು. ಅಷ್ಟೇ ಅಂದರು.

ಪಾಠ ಮುಗಿದು ಹೊಳೆ ದಾಟಿ ಬಂದ ಮೇಲೆ ಅವಳು ದಡದಲ್ಲೇ ನಿಂತಳು.

"ಬುದ್ಧಿ, ಕಾಲಿಗೆ ಬೀಳ್ತೀನಿ. ಅವಳಿಗೆ ಆ ಪಾಠ ಮರೆಸಿಬಿಡಿ."

"ಮರೆಸೋ ವಿದ್ಯೆ ನನಗೆ ಬರೋಲ್ಲ ತಾಯಿ. ಅದು ಕಲಿಸಿದವರ ಕೈಲಿರುತ್ತೆ."

ದೇವೀರಮ್ಮ ಯೋಚಿಸಿದಳು. ಹೇಳದೇ ಇದ್ದರೆ ಮಗು ಮರೆಯುತ್ತೆ. ನಾಳೆಯಿಂದ ಬೆಳಿಗ್ಗೆ ಬಾಯಿ ಬಿಡುವುದಿಲ್ಲ ಅಂತ ಮನೆದೇವರ ಮುಂದೆ ದೀಪ ಹಚ್ಚಿ ಹೇಳಿಕೊಂಡಳು.

ಬಾಯಿ ಬಿಡಲಿಲ್ಲ, ನಿಜ. ಆದರೆ ಕೈ ಸುಮ್ಮನಿರಬೇಕಲ್ಲ. ಕಂಬಳಿ ಕಿತ್ತೆಳೆಯಿತು. ತಟ್ಟೆ ತಂದು ಕುಕ್ಕಿತು. ಬಾಚಣಿಗೆ ಸಿಕ್ಕಿಗೆ ಸಿಕ್ಕಿದರೆ ಕೂದಲು ಸಮೇತ ಬಂತು. ಹೊರಗೆ ಬಿಸಿಲು ಬಿದ್ದದ್ದನ್ನು ಮಗಳ ಗದ್ದ ಎತ್ತಿ ತೋರಿಸಿದಳು.

ನಿಂಗಿಯ ಭುಜಗಳು ಕಿವಿ ಮುಟ್ಟಿದವು. ಅವ್ವನ ತುಟಿಯನ್ನೇ ನೋಡುತ್ತಾ ತಿಂದಳು, ನೋಡುತ್ತಾ ಜಡೆ ಹಾಕಿಸಿಕೊಂಡಳು. ಮಿಂಚು ಕಂಡವರು ಗುಡುಗಿಗೆ ಕಾಯುವುದಿಲ್ಲವೇ, ಹಾಗೆ.

"ಅವ್ವಾ, ಯಾಕೆ ಮಾತಾಡ್ತಿಲ್ಲ?"

ದೇವೀರಮ್ಮ ಬಾಗಿಲ ಕಡೆ ಕೈ ತೋರಿಸಿದಳು.

ಹೀಗೇ ಕೆಲವು ದಿನ. ಮನೆ ತಣ್ಣಗಿದೆ ಅಂತ ಅವಳಿಗೆ ಸಮಾಧಾನವೇ ಆಗಿತ್ತು. ಗುರುಗಳಿಗೆ ಹೇಳಬೇಕು ಅಂದುಕೊಂಡಿದ್ದಳು.

ಒಂದು ಬೆಳಿಗ್ಗೆ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಒಳಗಿನಿಂದ ಒಂದು ದನಿ ಬಂತು.

"ಏಳೇ ದರಿದ್ರದೋಳೇ."

ತನ್ನದೇ ದನಿ. ದೇವೀರಮ್ಮ ಹಿಟ್ಟಿನ ಕೈಯಲ್ಲೇ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು. ಬಾಯಿ ಮುಚ್ಚಿಯೇ ಇತ್ತು.

ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

ಚಾಪೆಯ ಮೇಲೆ ನಿಂಗಿ ಒಬ್ಬಳೇ ಕೂತಿದ್ದಳು. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮುಷ್ಟಿ ಕಟ್ಟಿ ತನ್ನ ತಲೆಗೆ ತಾನೇ ಗುದ್ದಿಕೊಳ್ಳುತ್ತಿದ್ದಳು.

"ಎಮ್ಮೆ ಎದ್ದು ಮೇವು ತಿಂದಾಯ್ತು. ಏಳೇ. ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ. ಏಳೇ."

"ನಿಂಗಿ," ಅಂದಳು ದೇವೀರಮ್ಮ.

ನಿಂಗಿ ಬೆಚ್ಚಿ ಎದ್ದಳು. "ಎದ್ದೆ ಅವ್ವ, ಎದ್ದೆ. ನೀನು ಬೈಬೇಡ. ನಾನೇ ಬೈಕೊಂಡಿದ್ದೀನಿ."

ಅಂದವಳೇ ಅವ್ವನ ಪಕ್ಕದಲ್ಲಿ ನುಸುಳಿ ಹೊರಗೆ ಓಡಿದಳು. ಮೊಕ ತೊಳೆದಿಲ್ಲ, ತುತ್ತು ತಿಂದಿಲ್ಲ, ಜಡೆ ಹಾಕಿಲ್ಲ.

ದೇವೀರಮ್ಮ ಹಿಂದೆಯೇ ಓಡಿದಳು. ಒಲೆಯ ಮೇಲೆ ರೊಟ್ಟಿ ಸೀದುಹೋಗಲಿ ಅಂತ ಬಿಟ್ಟು ಓಡಿದಳು. ಹಿಡಿದು ಅಪ್ಪಿಕೊಳ್ಳಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು.

ಹೊಳೆದಂಡೆಯ ಇಳಿಜಾರಲ್ಲಿ ಮಗಳು ಕಂಡಳು.

"ನಿಂಗೀ," ಅಂತ ಕೂಗಿದಳು. "ನಿಂಗೀ, ನಿಲ್ಲೇ."

ಎಷ್ಟೋ ದಿನದ ಮೇಲೆ ಆ ಕೂಗು ಕಿವಿಗೆ ಬಿತ್ತು ನೋಡಿ. ಮಗು ನಿಲ್ಲಲಿಲ್ಲ. ಇನ್ನೂ ಜೋರಾಗಿ ಓಡಿತು.

ತೆಪ್ಪ ದಡಕ್ಕೆ ಒತ್ತಿ ನಿಂತಿತ್ತು. ಗುರುಗಳು ಹುಟ್ಟು ಹಿಡಿದು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿದ್ದರು. ನಡುವೆ ಕಾಲಿಡಬೇಕು ಅಂತ ನಿಂಗಿಗೆ ಗೊತ್ತಿತ್ತು. ದಿನಾ ಕೇಳಿದ ಮಾತು. ಆದರೆ ಹಾಗೆ ಓಡಿ ಬರುವ ಕಾಲಿಗೆ ನಡು ಯಾವುದು, ಅಂಚು ಯಾವುದು? ದಡದಿಂದಲೇ ನೆಗೆದಳು.

ಅಂಚು ತುಳಿದಳು. ತೆಪ್ಪ ವಾಲಿತು. ಒಳಗಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಚೀರಿದರು. ತೆಪ್ಪ ಮತ್ತೆ ನೆಟ್ಟಗಾಯಿತು. ನಿಂಗಿ ಇರಲಿಲ್ಲ.

ಗುರುಗಳು ಹುಟ್ಟು ಬಿಸಾಕಿ ನೀರಿಗೆ ಬಿದ್ದರು.

ದಡದಲ್ಲಿ ದೇವೀರಮ್ಮ ಬಾಯಿ ತೆರೆದಳು. ದಿನಾ ಊರೇ ಏಳುವ ಹಾಗೆ ಕೂಗುತ್ತಿದ್ದ ಗಂಟಲು. ಒಂದು ಎಳೆ ದನಿ ಬರಲಿಲ್ಲ.

ನೀರು ಸುಮ್ಮನೆ ಹರಿಯುತ್ತಿತ್ತು.

ಜಡೆ ಹಾಕದ ಕೂದಲು ಮೇಲೆ ಹರಡಿಕೊಂಡಿತು. ಗುರುಗಳ ಕೈಗೆ ಸಿಕ್ಕಿದ್ದು ಅದೇ.

ಹೊತ್ತು ತಂದು ಮರಳಿನ ಮೇಲೆ ಬೋರಲು ಮಲಗಿಸಿದರು. ಬೆನ್ನು ಒತ್ತಿದರು. ಮತ್ತೆ ಒತ್ತಿದರು. ಬಾಯಿಂದ ನೀರು ಬಂತು. ಕೆಮ್ಮು ಬಂತು. ಕಡೆಗೆ ಉಸಿರು ಬಂತು.

ನಿಂಗಿ ಕಣ್ಣು ಬಿಟ್ಟಳು. ಹೊಳೆ ಕಡೆ ನೋಡಲಿಲ್ಲ, ಗುರುಗಳ ಕಡೆ ನೋಡಲಿಲ್ಲ. ಅವ್ವನ ಮುಖ ಹುಡುಕಿದಳು.

"ಅವ್ವಾ, ಹೊತ್ತಾಯ್ತಾ?"

ದೇವೀರಮ್ಮ ಅವಳನ್ನು ಬಾಚಿ ಮಡಿಲಿಗೆ ಹಾಕಿಕೊಂಡಳು. ಸೆರಗಿನಿಂದ ಅವಳ ತಲೆ ಒರೆಸಿದಳು.

"ಹೇಳವ್ವ. ಹೊತ್ತಾಯ್ತಾ?"

ದೇವೀರಮ್ಮ ತಲೆ ಎತ್ತಿ ಗುರುಗಳನ್ನು ನೋಡಿದಳು. ಅವರ ಗಡ್ಡದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಬುದ್ಧಿ, ನೀವೇ ಹೇಳಿ ಇವಳಿಗೆ. ಹೊತ್ತಾಗಿಲ್ಲ ಅಂತ ಹೇಳಿ. ತೆಪ್ಪ ಇವಳನ್ನ ಬಿಟ್ಟು ಎಲ್ಲೂ ಹೋಗೋಲ್ಲ ಅಂತ ಹೇಳಿ. ನಿಮ್ಮ ಮಾತಾದರೆ ನಂಬ್ತಾಳೆ."

ಹೊಳೆಯಯ್ಯ ಒದ್ದೆ ಪಂಚೆಯ ತುದಿ ಹಿಂಡುತ್ತಾ ಅಂದರು:

"ಮಗು ಕೇಳಿದ್ದು ನನ್ನನ್ನಲ್ಲ ತಾಯಿ."